ಹರಿಶ್ಚಂದ್ರಗಡದ ತಣ್ಣೀರು

ಪುಣೆಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಮೇ ತಿಂಗಳೆಂದರೆ ಒಂದೋ ಊರಿಗೆ ಹೋಗುವ ತಿಂಗಳು, ಇಲ್ಲವೇ ಊರಿನಿಂದ ಬಂದವರಿಗೆ ಶನಿವಾರವಾಡೆ, ಸಾರಸಬಾಗ, ಸಿಂಹಗಡ ತೋರಿಸುವ ತಿಂಗಳು. ಬೆಟ್ಟ ಹತ್ತುವ ತಿಂಗಳಂತೂ ಅಲ್ಲ. ಗಡ ಹತ್ತುವ ಹುಚ್ಚು ಈ ಊರಿನ ಮಣ್ಣಿನಲ್ಲೇ ಇದೆ, ನಿಜ. ಆದರೆ ಆ ಹುಚ್ಚಿನವರೂ ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆಯೇ ಬೂಟು ಹುಡುಕುವವರು. ಹೀಗಿರುವಾಗ ಐವತ್ತು ದಾಟಿದ ಇಬ್ಬರು ಹೆಂಗಸರು, ನಾನೂ ನನ್ನ ಗೆಳತಿಯೂ, 2024ರ ಮೇ ತಿಂಗಳ ಮಧ್ಯದಲ್ಲಿ ಹರಿಶ್ಚಂದ್ರಗಡಕ್ಕೆ ಹೊರಟೆವೆಂದರೆ ನೀವು ನಗಬಹುದು. ಮನೆಯಲ್ಲೂ ನಕ್ಕರು. ‘ಕಾಶಿಗೆ ಹೋಗೂದು ಬಿಟ್ಟು ಇದೇನು’ ಎಂದು ನಮ್ಮವರು ಕೇಳಿದರು.

ಗೆಳತಿಯ ಹೆಸರು ಹೇಳಿದರೆ ಅವರಿಗೆ ಸಂಕೋಚ. ನಮ್ಮ ಕಾಲನಿಯಲ್ಲಿ ಎಲ್ಲರೂ ಅವರನ್ನು ‘ವಿಜಾಪುರದ ವೈನಿ’ ಎಂದೇ ಕರೆಯುತ್ತಾರೆ. 2014ರಲ್ಲಿ ಸರಕಾರ ಊರಿನ ಹೆಸರನ್ನು ವಿಜಯಪುರ ಎಂದು ಬದಲಾಯಿಸಿದರೂ ವೈನಿಯ ಹೆಸರು ಬದಲಾಗಲಿಲ್ಲ. ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಮೂವತ್ತು ವರ್ಷ ಇದೇ ಕಾಲನಿಯಲ್ಲಿ ಸಂಸಾರ ಮಾಡಿ, ಆ ಜೂನ್‌ನಲ್ಲಿ ಮಗಳ ಹತ್ತಿರ ಬೆಂಗಳೂರಿಗೆ ಹೊರಡುವವರಿದ್ದರು. ಸಾಮಾನು ಕಟ್ಟುವ ಗದ್ದಲದ ನಡುವೆ ಒಂದು ದಿನ ಅಡುಗೆಮನೆಯ ಗೋಡೆಯ ಮೇಲಿನ ಹಳೆಯ ಮರಾಠಿ ಕ್ಯಾಲೆಂಡರ್ ತೆಗೆದು ನನಗೆ ತೋರಿಸಿದರು. ಗುಹೆಯೊಳಗೆ ತುಂಬಿನಿಂತ ನೀರು, ನೀರಿನ ನಡುವೆ ಆಳೆತ್ತರದ ಶಿವಲಿಂಗ, ಪಕ್ಕದಲ್ಲಿ ಒಂದೇ ಒಂದು ಕಂಬ. ವರ್ಷ ಮುಗಿದು ಎಷ್ಟೋ ಕಾಲವಾದರೂ ಆ ಚಿತ್ರಕ್ಕಾಗಿ ಕ್ಯಾಲೆಂಡರ್ ಇಟ್ಟುಕೊಂಡಿದ್ದರು. ‘ಇಷ್ಟು ವರ್ಷ ಒಗ್ಗರಣಿ ಹಾಕ್ಕೋತ ಇದನ್ನ ನೋಡೇನಿ. ಹೋಗೂದಾದರ ಈಗ ಹೋಗೂಣು. ಬರತೀ ಏನು?’ ಎಂದರು. ನಾನು ಹೂಂ ಎಂದೆ.

ಅದು ಕೇದಾರೇಶ್ವರ ಗುಹೆ. ಹರಿಶ್ಚಂದ್ರಗಡದ ಮೇಲಿದೆ. ವಿಚಾರಿಸಿದಾಗ ತಿಳಿದದ್ದು, ಮಳೆಗಾಲದಲ್ಲಿ ಗುಹೆಯ ಮುಂದೆಯೇ ದೊಡ್ಡ ಹಳ್ಳ ಹರಿಯುವುದರಿಂದ ಆಗ ಒಳಗೆ ಹೋಗಲು ಬರುವುದಿಲ್ಲ. ಎಲ್ಲರೂ ಬೆಟ್ಟಕ್ಕೆ ಹೋಗುವ ಕಾಲದಲ್ಲಿ ಇಲ್ಲಿಯ ದೇವರು ಬಾಗಿಲು ಹಾಕಿಕೊಂಡಿರುತ್ತಾನೆ ಅನ್ನಿ. ಹಾಗಾಗಿ ನಮ್ಮ ಮೇ ತಿಂಗಳು ಅಷ್ಟೇನೂ ಹುಚ್ಚಾಟವಲ್ಲ ಎಂದು ಮನೆಯವರಿಗೆ ವಾದಿಸಲು ಒಂದು ಆಧಾರವೂ ಸಿಕ್ಕಿತು.

ಗಡಕ್ಕೆ ದಾರಿಗಳು ಹಲವು. ಪುಣೆ ಜಿಲ್ಲೆಯ ಕಡೆಯಿಂದ, ಜುನ್ನರ ತಾಲೂಕಿನ ಖಿರೇಶ್ವರದಿಂದ ತೋಲಾರ ಖಿಂಡಿಯ ಮೂಲಕ ಹತ್ತುವುದು ಉದ್ದದ ದಾರಿ. ಕೊಂಕಣದ ಕಡೆಯಿಂದ ನಳಿಯ ವಾಟ ಎಂಬುದೊಂದಿದೆ, ಅದು ಹಗ್ಗ ಹಿಡಿದು ಹತ್ತುವ ಗಟ್ಟಿಗರ ದಾರಿ, ನಮಗೆ ಹೆಸರಷ್ಟೇ ಸಾಕು. ಪಾಚನಯೀ ಎಂಬ ಹಳ್ಳಿಯಿಂದ ಹತ್ತುವುದು ಎಲ್ಲಕ್ಕಿಂತ ಸುಲಭ, ಎರಡೂವರೆ ಮೂರು ಗಂಟೆಯ ನಡಿಗೆ. ನಾವು ಅದನ್ನೇ ಆರಿಸಿದೆವು. ಪಾಚನಯೀ ಇರುವುದು ಅಕೋಲೆ ತಾಲೂಕಿನಲ್ಲಿ. ಅಹಮದನಗರವೆಂದಿದ್ದ ಜಿಲ್ಲೆಗೆ 2024ರಿಂದ ಅಹಿಲ್ಯಾನಗರ ಎಂದು ಹೆಸರು.

ಬೆಳಗಿನ ಜಾವ 3 ಗಂಟೆಗೆ ಬಾಡಿಗೆ ಕಾರು ಬಂತು. ವೈನಿ ಜೀವನದಲ್ಲಿ ಮೊದಲ ಸಲ ಸೀರೆ ಬಿಟ್ಟು ಮಗಳ ಹಳೆಯ ಸಲ್ವಾರ್ ಕಮೀಜ್ ಹಾಕಿದ್ದರು. ಕತ್ತಲೆಯಲ್ಲಿ ಹೊರಟಿದ್ದೇ ಒಳ್ಳೆಯದಾಯಿತು, ಕಾಲನಿಯವರು ಯಾರೂ ನೋಡಲಿಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನಪಟ್ಟರು. ಬುತ್ತಿಯಲ್ಲಿ ಖಡಕ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಉಪ್ಪಿನಕಾಯಿ. ಎಂಟು ಬಾಟಲಿ ನೀರು. ಚಾಕಣ, ರಾಜಗುರುನಗರ, ಮಂಚರ, ನಾರಾಯಣಗಾವ ಎಲ್ಲ ನಿದ್ದೆಯಲ್ಲಿದ್ದವು. ಆಳೆಫಾಟಾದಲ್ಲಿ ಚಹಾ. ಅಲ್ಲಿಂದ ಬ್ರಾಹ್ಮಣವಾಡಾ, ಕೋತೂಳ ದಾಟಿದ ಮೇಲೆ ರಸ್ತೆ ಸಣ್ಣದಾಗುತ್ತ, ಬೆಟ್ಟಗಳು ಹತ್ತಿರವಾಗುತ್ತ ಬಂದವು. ಆಗಷ್ಟೇ ಬೆಳಕು ಹರಿದಿತ್ತು.

ಒಂದು ವಾಡಿಯ ಹತ್ತಿರ ಡ್ರೈವರ್ ದಾರಿ ಕೇಳಲು ಕಾರು ನಿಲ್ಲಿಸಿದ. ರಸ್ತೆಯ ಕೆಳಗೆ ಒಂದು ಬಾವಿ. ಸುತ್ತಲೂ ಹನ್ನೆರಡು ಹದಿನೈದು ಹೆಂಗಸರು, ಸಾಲಾಗಿ ಇಟ್ಟ ಹಿತ್ತಾಳೆ, ಸ್ಟೀಲು, ಪ್ಲಾಸ್ಟಿಕ್ಕಿನ ಕೊಡಗಳು. ಕೂಗಾಟವಿರಲಿಲ್ಲ. ನಾವು ಇಳಿದು ಹತ್ತಿರ ಹೋದೆವು. ಬಾವಿಯ ತಳದಲ್ಲಿ ಒಬ್ಬ ಹುಡುಗಿ ಇಳಿದು ಕೂತಿದ್ದಳು. ಕಲ್ಲಿನ ಸಂದಿಯಿಂದ ಒಸರುವ ನೀರನ್ನು ತಾಟಿನಿಂದ ಬಳಿದು ಬಳಿದು ಕೊಡಕ್ಕೆ ಹಾಕುತ್ತಿದ್ದಳು. ಕೊಡ ತುಂಬಿದ ಮೇಲೆ ಮೇಲಿನವರು ಹಗ್ಗದಿಂದ ಎಳೆಯುತ್ತಿದ್ದರು. ‘ಹೋಳಿ ಹುಣ್ಣಿಮೆಯಿಂದ ಹೀಗೆಯೇ’ ಎಂದಳು ಒಬ್ಬ ಮುದುಕಿ. ಹಗ್ಗ ಹಿಡಿದ ಅವಳ ಎಡಗೈ ತೋರುಬೆರಳಿನ ಮೇಲೆ ಮತದಾನದ ಕಪ್ಪು ಶಾಯಿ ಕಂಡಿತು. ನನ್ನ ಬೆರಳ ಮೇಲೂ ಇತ್ತು, ವೈನಿಯ ಬೆರಳ ಮೇಲೂ ಇತ್ತು. ಪುಣೆಗೂ ಅಕೋಲೆ ಸೇರಿರುವ ಶಿರಡಿ ಕ್ಷೇತ್ರಕ್ಕೂ ಲೋಕಸಭೆಯ ಮತದಾನ ಒಂದೇ ದಿನ, ಮೇ 13ರಂದು ಆಗಿತ್ತು. ಮುದುಕಿ ನಮ್ಮ ಬೆರಳು ನೋಡಿ ನಕ್ಕಳು.

ಕಾರು ಹತ್ತಿದ ಮೇಲೆ ವೈನಿ ಮಾತಾಡಲಿಲ್ಲ. ಅವರಿಗೆ ಇದು ಕಂಡ ನೋಟ. ಇಂಡಿ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ತಲೆಯ ಮೇಲೆ ಸಿಂಬಿ ಇಟ್ಟು ಎರಡು ಕೊಡ, ಬಗಲಲ್ಲಿ ಒಂದು, ಹೀಗೆ ಮದುವೆಯಾಗುವ ತನಕ ನೀರು ಹೊತ್ತವರು. ಇಂದಿಗೂ ಅವರ ಮನೆಯಲ್ಲಿ ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಜಾಲಿಸಿದ ನೀರು ಬಚ್ಚಲು ತೊಳೆಯಲು. ನಮಗೆ ನಳ ತಿರುಗಿಸಿದರೆ ಖಡಕವಾಸಲಾ ಬರುತ್ತದೆ, ಆದರೂ ಅವರ ಕೈ ಬದಲಾಗಿಲ್ಲ.

ಈಗ ನೀವು ಕೇಳಬಹುದು, ಸಹ್ಯಾದ್ರಿಯ ನೆತ್ತಿಯ ಮೇಲೆ, ನಾಲ್ಕು ತಿಂಗಳು ಮಳೆ ಸುರಿಯುವ ಈ ಸೀಮೆಯಲ್ಲಿ ನೀರಿಗೆ ಬರವೇಕೆ? ಇಲ್ಲಿಯ ಬಂಡೆಯೇ ಅದಕ್ಕೆ ಉತ್ತರ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಕಪ್ಪು ಕಲ್ಲು ಇದು. ಗಟ್ಟಿ ಪದರದಲ್ಲಿ ನೀರು ಇಳಿಯುವುದಿಲ್ಲ. ಎರಡು ಪದರಗಳ ನಡುವಿನ ಸಡಿಲು ಜಾಗದಲ್ಲಿ, ಬಿರುಕುಗಳಲ್ಲಿ ಒಂದಿಷ್ಟು ಇಳಿದು ನಿಲ್ಲುತ್ತದೆ. ಉಳಿದದ್ದೆಲ್ಲ ಕಡಿದಾದ ಇಳಿಜಾರಿನಲ್ಲಿ ಜಾರಿ ಹೋಗುತ್ತದೆ. ಹರಿಶ್ಚಂದ್ರಗಡದ ಮೇಲೆ ಹುಟ್ಟುವ ಮಂಗಳಗಂಗೆ ಕೆಳಗೆ ಮುಳಾ ನದಿಯನ್ನು ಸೇರುತ್ತದೆ. ಇದು ನಮ್ಮ ಪುಣೆಯ ಮುಳಾ ಅಲ್ಲ, ಬೇರೆ ಮುಳಾ. ಆ ನೀರು ರಾಹುರಿಯ ಹತ್ತಿರದ ಮುಳಾ ಅಣೆಕಟ್ಟಿಗೆ ಹೋಗಿ ಕಬ್ಬು ಬೆಳೆಸುತ್ತದೆ. ಮಳೆ ಬೀಳುವುದು ಇವರ ತಲೆಯ ಮೇಲೆ, ನೀರು ನಿಲ್ಲುವುದು ಇನ್ನೊಬ್ಬರ ಹೊಲದಲ್ಲಿ.

ಪಾಚನಯೀ ಮುಟ್ಟಿದಾಗ ಏಳೂವರೆ. ಮಹಾದೇವ ಕೋಳಿ ಜನರ ಹಳ್ಳಿ. ಮನೆಯಂಗಳದಲ್ಲಿ ಹಿರಡಾ, ಅಂದರೆ ನಮ್ಮ ಅಳಲೆಕಾಯಿ, ಒಣಹಾಕಿದ್ದರು. ಇವರಿಗೆ ಬೇಸಿಗೆಯಲ್ಲಿ ನಾಲ್ಕು ಕಾಸು ತರುವ ಕಾಡಿನ ಬೆಳೆ ಅದು. ಮೇಲೆ ಗುಡಿಯ ಹತ್ತಿರ ಜೋಪಡಿ ಹಾಕಿ ಲಿಂಬೂ ಸರಬತ್ತು, ಮಜ್ಜಿಗೆ ಮಾರುವ ಒಬ್ಬಾಕೆ ಅದೇ ಹೊತ್ತಿಗೆ ತಲೆಯ ಮೇಲೆ ದೊಡ್ಡ ಬುಟ್ಟಿ ಹೊತ್ತು ಹೊರಟಿದ್ದಳು. ‘ಮಾವಶಿ, ನನ್ನ ಹಿಂದೆಯೇ ಬನ್ನಿ’ ಎಂದಳು. ಮೂವತ್ತರ ಹೆಂಗಸು. ನಾವು ಊರುಗೋಲು ಹಿಡಿದು ಏದುಸಿರು ಬಿಡುತ್ತಿದ್ದರೆ, ಆಕೆ ಹದಿನೈದು ಕಿಲೋ ಬುಟ್ಟಿ ಹೊತ್ತು ನಮಗಾಗಿ ಅಲ್ಲಲ್ಲಿ ನಿಂತು ಕಾಯುತ್ತಿದ್ದಳು.

ಮೊದಲರ್ಧ ಗಂಟೆ ಏರು. ಆಮೇಲೆ ಒಂದು ದೊಡ್ಡ ಕಪ್ಪು ಗೋಡೆಯಂಥ ಬಂಡೆಯ ಬುಡದಲ್ಲಿ ದಾರಿ ಸಾಗುತ್ತದೆ. ಬಂಡೆ ಮೇಲಿನಿಂದ ಮುಂದಕ್ಕೆ ಬಾಗಿದೆ, ಹಾಗಾಗಿ ಬೆಳಗಿನ ಹೊತ್ತು ನೆರಳು. ಬದಿಗೆ ಕಬ್ಬಿಣದ ಕಟಕಟೆ ಹಾಕಿದ್ದಾರೆ. ಮಳೆಗಾಲದಲ್ಲಿ ಇಲ್ಲಿ ಜಲಪಾತಗಳ ಕೆಳಗೇ ನಡೆಯಬೇಕಂತೆ. ನಾವು ಹೋದಾಗ ಹಳ್ಳದ ಕಲ್ಲುಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ಒಂದೆರಡು ಗುಂಡಿಗಳಲ್ಲಿ ಮಾತ್ರ ನೀರು, ಅದರ ಮೇಲೆ ಚಿಟ್ಟೆಗಳು. ದಾರಿಯ ಪಕ್ಕದ ಪೊದೆಗಳಲ್ಲಿ ಕವಳಿ ಹಣ್ಣು ಕಪ್ಪಗೆ ಮಾಗಿದ್ದವು. ಮರಾಠಿಯವರು ಕರವಂದ ಎನ್ನುತ್ತಾರೆ. ಧಾರವಾಡದಲ್ಲಿ ಸೇರಿನಲ್ಲಿ ಅಳೆದು ಮಾರುತ್ತಿದ್ದ ಆ ಹಣ್ಣನ್ನು ಗಿಡದಿಂದಲೇ ಕಿತ್ತು ತಿನ್ನುವಾಗ ನಮ್ಮಿಬ್ಬರಿಗೂ ಮಂಡಿನೋವು ಮರೆತಿತ್ತು. ತುಟಿ ಬೆರಳೆಲ್ಲ ಅಂಟು.

ಒಂಬತ್ತೂವರೆಗೆ ನೆರಳು ಮುಗಿಯಿತು. ಮುಂದೆ ಒಣಹುಲ್ಲಿನ ಬಯಲು, ಅಲ್ಲಲ್ಲಿ ಗಿಡಗಳ ಗುಂಪು. ಗಾಳಿ ಇತ್ತು, ಆದರೆ ಅದೂ ಬಿಸಿ. ನನ್ನ ಎರಡನೆಯ ಬಾಟಲಿ ಖಾಲಿಯಾಯಿತು. ಹತ್ತೂವರೆಯ ಸುಮಾರಿಗೆ ಒಂದು ದಿಬ್ಬ ದಾಟಿದ್ದೇ ಕೆಳಗೆ ತಗ್ಗಿನಲ್ಲಿ ಗುಡಿಯ ಶಿಖರ ಕಾಣಿಸಿತು.

ಹರಿಶ್ಚಂದ್ರೇಶ್ವರ ದೇವಾಲಯ ಸುಮಾರು 16 ಮೀಟರ್ ಎತ್ತರದ ಕರಿಗಲ್ಲಿನ ಗುಡಿ. ಬಾದಾಮಿ ಪಟ್ಟದಕಲ್ಲುಗಳನ್ನು ನೋಡಿದ ನಮ್ಮ ಕಣ್ಣಿಗೆ ಕೆತ್ತನೆ ಸ್ವಲ್ಪ ಒರಟು ಎನಿಸೀತು. ಬಾದಾಮಿಯದು ಮೆತ್ತಗಿನ ಕೆಂಪು ಮರಳುಗಲ್ಲು, ಇದು ಉಳಿಯನ್ನೇ ಮಣಿಸುವ ಕಲ್ಲು, ಅದನ್ನು ನೆನಪಿಟ್ಟು ನೋಡಬೇಕು. ಸುತ್ತಲೂ ಕೊರೆದ ಗುಹೆಗಳು. ಹುಲಿಯ ಮೇಲೆ ಕೂತು ಆಳಂದಿಗೆ ಬಂದು ಜ್ಞಾನೇಶ್ವರರ ಮುಂದೆ ತಲೆಬಾಗಿದ ಚಾಂಗದೇವರ ಕಥೆ ಪುಣೆಯಲ್ಲಿರುವ ನಿಮಗೆಲ್ಲ ಗೊತ್ತು. ಅದೇ ಚಾಂಗದೇವರು ಇಲ್ಲಿ ತಪಸ್ಸು ಮಾಡಿ ‘ತತ್ತ್ವಸಾರ’ ಬರೆದರೆಂದು ಹೇಳುತ್ತಾರೆ, ಅದು 14ನೆಯ ಶತಮಾನದ ಮಾತು. ಗುಡಿಯ ಮುಂದೆ ಸಪ್ತತೀರ್ಥ ಎಂಬ ಪುಷ್ಕರಣಿ ಇದೆ. ಅದರ ಒಂದು ಬದಿಯಲ್ಲಿ ಸಾಲಾಗಿ 14 ಗೂಡುಗಳು, ಒಂದೊಂದೂ ಒಂದು ಸಣ್ಣ ಗುಡಿಯ ಹಾಗೆ. ಗಡದ ಇತಿಹಾಸ ಬೇಕಾದವರಿಗೆ ಇಷ್ಟು ಸಾಕು: ಬಹಳ ಹಳೆಯದು, ಕೊನೆಗೆ 1747ರಲ್ಲಿ ಮೊಗಲರಿಂದ ಮರಾಠರಿಗೆ ಬಂತು. ನಾವು ಹೋದದ್ದು ಇತಿಹಾಸಕ್ಕಲ್ಲ.

ಗುಡಿಯಿಂದ ಬಲಕ್ಕೆ, ಒಣಗಿದ ಹಳ್ಳದ ಗುಂಟ ಸ್ವಲ್ಪ ಇಳಿದರೆ ಕೇದಾರೇಶ್ವರ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಬೇಕಾಯಿತು. ಆಮೇಲೆ ಕ್ಯಾಲೆಂಡರಿನ ಚಿತ್ರ ನಿಧಾನವಾಗಿ ಮೂಡಿತು. ಚೌಕದ ಕೋಣೆಯಷ್ಟು ನೀರು. ನಡುವೆ ಪೀಠದ ಮೇಲೆ ಸುಮಾರು 5 ಅಡಿಯ ಲಿಂಗ. ಅದರ ಸುತ್ತ ನಾಲ್ಕು ಕಂಬಗಳಿದ್ದವು, ಮೂರು ಮುರಿದಿವೆ, ಒಂದು ಮಾತ್ರ ಚಾವಣಿಯನ್ನು ಮುಟ್ಟಿ ನಿಂತಿದೆ. ಒಂದೊಂದು ಯುಗ ಮುಗಿದಾಗ ಒಂದೊಂದು ಕಂಬ ಬಿತ್ತು, ಇದು ಕಲಿಯುಗದ್ದು, ಇದೂ ಬಿದ್ದ ದಿನ ಪ್ರಳಯ ಎಂದು ಸ್ಥಳದವರ ನಂಬಿಕೆ. ಬಂದವರಲ್ಲಿ ಕೆಲವರು ಆ ಕಂಬವನ್ನು ಗುದ್ದಿ ನೋಡುತ್ತಾರಂತೆ. ಮನುಷ್ಯನ ಬುದ್ಧಿ ನೋಡಿ.

ಆ ನೀರಿನಲ್ಲಿ ಇಳಿದು ಲಿಂಗಕ್ಕೆ ಪ್ರದಕ್ಷಿಣೆ ಹಾಕುವುದು ಇಲ್ಲಿಯ ರೂಢಿ. ಸೊಂಟದ ಮಟ್ಟದ ನೀರು, ನನ್ನಂಥ ಗಿಡ್ಡರಿಗೆ ಎದೆಯ ತನಕ. ನಾನು ಧಾರವಾಡದ ಹತ್ತಿರದ ಅಜ್ಜನ ಮನೆಯ ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವಳು. ನೀರು ಕಂಡರೆ ಕಾಲು ನಿಲ್ಲುವುದಿಲ್ಲ. ದಂಡೆಯ ಮೇಲೆ ಚಪ್ಪಲಿ ಬಿಟ್ಟು ಒಂದು ಕಾಲು ಇಟ್ಟೆ. ಕಾಲಿಗೆ ಯಾರೋ ಬರ್ಫದ ಬಳೆ ತೊಡಿಸಿದ ಹಾಗಾಯಿತು. ಎರಡನೆಯ ಕಾಲು ಇಡುವುದರೊಳಗೆ ಬಾಯಿಂದ ‘ಅಯ್ಯಯ್ಯೋ’ ಬಂತು, ಅದು ಗುಹೆಯಲ್ಲಿ ನಾಲ್ಕು ಸಲ ಮರುದನಿಸಿತು.

ತಿರುಗಿ ನೋಡಿದರೆ ವೈನಿ ಬಾಗಿಲಲ್ಲೇ ನಿಂತಿದ್ದಾರೆ. ಚಳಿಗೆ ಹೆದರಿದರೇನೋ ಎಂದುಕೊಂಡೆ.

‘ಬರ್ರಿ ವೈನಿ, ಒಮ್ಮೆ ಇಳದರ ಆತು.’

‘ನಾ ಬರೂದಿಲ್ಲ.’

‘ಯಾಕ್ರಿ? ಇದಕ್ಕಂತನ ಬಂದಿಲ್ಲೇನು ಇಷ್ಟು ದೂರ?’

‘ಮುಂಜಾನೆ ಆ ಹುಡುಗಿ ತಾಟಿಲೆ ನೀರು ಬಳೀತಿದ್ದಳು. ಈ ನೀರಾಗ ನಾ ಕಾಲು ಇಡಲೇನು?’

ನಾನು ನೀರಿನಲ್ಲೇ ನಿಂತೆ. ಏನು ಹೇಳಬೇಕೋ ತಿಳಿಯಲಿಲ್ಲ. ವೈನಿಯ ಹಳ್ಳಿಯಲ್ಲಿ ಬಾವಿಯ ಕಟ್ಟೆಗೆ ಹತ್ತು ಮಾರು ದೂರದಲ್ಲೇ ಚಪ್ಪಲಿ ಬಿಡಬೇಕಾಗಿತ್ತು. ಚಿಕ್ಕಂದಿನಲ್ಲಿ ಆಟಕ್ಕೆಂದು ಕುಡಿಯುವ ನೀರಿನ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟದ್ದಕ್ಕೆ ಅವರ ಅವ್ವ ಹಗ್ಗದಿಂದ ಬಾರಿಸಿದ್ದನ್ನು ನನಗೆ ಎಷ್ಟೋ ಸಲ ಹೇಳಿದ್ದರು, ನಗುತ್ತಲೇ. ಈಗ ನಗುತ್ತಿರಲಿಲ್ಲ. ‘ನೀ ಸ್ನಾನ ಮಾಡವಾ, ನಾ ಇಲ್ಲೇ ನಿಂತು ನಮಸ್ಕಾರ ಮಾಡತೀನಿ’ ಎಂದು ಅಲ್ಲೇ ಕೈ ಮುಗಿದರು.

ಜೋಪಡಿಯಾಕೆ ನಮ್ಮ ಸದ್ದು ಕೇಳಿ ಬಂದಳು. ನಮ್ಮ ಕನ್ನಡ ಆಕೆಗೆ ತಿಳಿಯಲಿಲ್ಲ, ನಾನು ಮರಾಠಿಯಲ್ಲಿ ಹೇಳಿದೆ. ಆಕೆ ವೈನಿಯ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ನಾನೂ ಒದ್ದೆ ಬಟ್ಟೆಯಲ್ಲೇ ಹಿಂದೆ ಹೋದೆ. ಗುಡಿಯ ಪಕ್ಕದ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿವೆ, ಮರಾಠಿಯಲ್ಲಿ ಟಾಕೆ ಎನ್ನುತ್ತಾರೆ. ಬಂಡೆಯ ಒಳಗೇ ಗವಿಯಂತೆ ಸಾಗಿದ ತೊಟ್ಟಿ. ಆಕೆ ತಂಬಿಗೆಯಲ್ಲಿ ನೀರು ಮೊಗೆದು ವೈನಿಯ ಬೊಗಸೆಗೆ ಹಾಕಿದಳು. ‘ಇದು ಕುಡಿಯುವ ನೀರು. ಇದರಲ್ಲಿ ಯಾರೂ ಕಾಲು ಇಡುವಂತಿಲ್ಲ, ಇಟ್ಟರೆ ನಾನೇ ಬಿಡುವುದಿಲ್ಲ. ಅದು ದೇವರ ನೀರು, ಅದನ್ನು ಯಾರೂ ಕುಡಿಯುವುದಿಲ್ಲ. ಎರಡೂ ಬೇರೆ, ಮಾವಶಿ’ ಎಂದಳು. ವೈನಿ ಕುಡಿದರು. ಇನ್ನೊಂದು ಬೊಗಸೆ ಕೇಳಿದರು. ‘ಇಂಥಾ ನೀರು ನಾ ನಮ್ಮೂರಾಗೂ ಕುಡದಿಲ್ಲ’ ಎಂದರು. ವಿಜಾಪುರದವರ ಬಾಯಲ್ಲಿ ಇದು ಬಹಳ ದೊಡ್ಡ ಮಾತು.

ಈ ತೊಟ್ಟಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಪುಣೆಯ ಸುತ್ತಲಿನ ಯಾವ ಗಡಕ್ಕೆ ಹೋದರೂ ನೀವು ಇವನ್ನು ನೋಡುತ್ತೀರಿ. ಸಿಂಹಗಡದ ದೇವಟಾಕೆ ನಿಮಗೆ ಗೊತ್ತು. ಶಿವನೇರಿಯ ಗಂಗಾ ಜಮುನಾ ವರ್ಷವಿಡೀ ತುಂಬಿರುತ್ತವೆ. ಕಟ್ಟಡಕ್ಕೆ ಕಲ್ಲು ತೆಗೆದಲ್ಲಿ ಗುಂಡಿಯಾಯಿತು, ಆ ಗುಂಡಿಯಲ್ಲಿ ಮಳೆನೀರು ನಿಂತಿತು, ಹೀಗೆ ಒಂದೇ ಏಟಿಗೆ ಎರಡು ಕೆಲಸ. ಕೆಲವು ಕಡೆ ಬಂಡೆಯ ಒಳಗೇ ಕೊರೆದು, ಚಾವಣಿ ಬೀಳದಂತೆ ಕಂಬ ಬಿಟ್ಟಿದ್ದಾರೆ. ನೆತ್ತಿಯ ಮೇಲೆ ಕಲ್ಲಿನ ಚಾವಣಿ ಇದ್ದರೆ ಬಿಸಿಲು ತಾಗುವುದಿಲ್ಲ, ನೀರು ಆವಿಯಾಗಿ ಹೋಗುವುದು ಕಡಿಮೆ. ಯಾವ ಪದರದ ಸಂದಿಯಲ್ಲಿ ನೀರು ಒಸರುತ್ತದೆ ಎಂದು ನೋಡಿ ಅಲ್ಲೇ ಕೊರೆದಿದ್ದಾರೆ. ಕೆಳಗಿನ ವಾಡಿಯ ಬಾವಿಯಲ್ಲಿ ಇಲ್ಲದ ನೀರು ಮೇಲಿನ ಬಂಡೆಯಲ್ಲಿ ಇರುವುದಕ್ಕೆ ಪವಾಡ ಬೇಕಿಲ್ಲ, ಕೊರೆದ ಕೈಗಳು ಸಾಕು. ಮೇಲೆ ಕೆಲವರಿಗೆ ಸಾಕಾಗುವಷ್ಟು ಕೊರೆದರು, ಅದು ಇಂದಿಗೂ ಸಾಕಾಗುತ್ತಿದೆ. ಕೆಳಗೆ ಊರಿಗೆ ಊರೇ ಇದೆ, ಅಷ್ಟು ಮಂದಿಗೆ ಯಾರೂ ಕೊರೆಯಲಿಲ್ಲ.

ಇದನ್ನೇ ವೈನಿ ತಮ್ಮ ರೀತಿಯಲ್ಲಿ ಹೇಳಿದರು. ಅವರೂರಿನಲ್ಲಿ 1620ರ ತಾಜ್ ಬಾವಡಿ ಇದೆ, 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಲಾಬ್ ಇದೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆಲ್ಲ ನೀರು ಬರುತ್ತಿತ್ತು. ‘ರಾಜ ಇದ್ದಲ್ಲಿ ನೀರು ಬಂತು. ನಮ್ಮ ಹಳ್ಳಿಗೆ ರಾಜ ಎಂದೂ ಬರಲಿಲ್ಲ’ ಎಂದರು.

ಆಮೇಲೆ ತಾವಾಗಿಯೇ ಗುಹೆಯ ಕಡೆ ನಡೆದರು. ಬಾಗಿಲಲ್ಲಿ ಬಾಟಲಿಯ ನೀರಿನಿಂದ ಕಾಲು ತೊಳೆದುಕೊಂಡರು. ನೀರಿಗೆ ಇಳಿಯುವ ಮುನ್ನ ಕಾಲು ತೊಳೆಯುವವರನ್ನು ನಾನು ನೋಡಿದ್ದು ಅದೇ ಮೊದಲು. ಒಂದೊಂದೇ ಹೆಜ್ಜೆ ಇಟ್ಟರು. ಮಂಡಿಯ ತನಕ ಬಂದಾಗ ಉಸಿರು ಕಟ್ಟಿತು. ಸೊಂಟಕ್ಕೆ ಬಂದಾಗ ‘ಯವ್ವಾ’ ಎಂದು ನನ್ನ ತೋಳು ಹಿಡಿದರು, ಉಗುರಿನ ಗುರುತು ಎರಡು ದಿನ ಇತ್ತು. ಇಬ್ಬರೂ ಕೈ ಹಿಡಿದು ಲಿಂಗದ ಸುತ್ತ ಹೊರಟೆವು. ಕಾಲ ಕೆಳಗೆ ಕಲ್ಲು ಜಾರುತ್ತದೆ, ಮುರಿದ ಕಂಬದ ಚೂರುಗಳಿವೆ, ತಡಕಾಡುತ್ತ ಹೋಗಬೇಕು. ಲಿಂಗದ ಹಿಂಬದಿಯಲ್ಲಿ ಬೆಳಕಿಲ್ಲ. ಅಲ್ಲಿ ನೀರು ಇನ್ನೂ ತಣ್ಣಗೆ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ವೈನಿಯ ಓಂ ನಮಃ ಶಿವಾಯ ಮೂರು ತುಂಡಾಗಿ ಹೊರಗೆ ಬರುತ್ತಿತ್ತು. ಒಂದು ಸುತ್ತು ಮುಗಿದ ಮೇಲೆ ಹತ್ತುತ್ತಾರೆಂದುಕೊಂಡರೆ ಎರಡನೆಯದಕ್ಕೆ ಹೊರಟರು. ಮೂರನೆಯದು ನನ್ನ ಕೈ ಬಿಟ್ಟು ಒಬ್ಬರೇ ಹಾಕಿದರು.

ನಾನು ಆ ಹೊತ್ತಿಗೆ ಒಂದು ಮೂಲೆಯಲ್ಲಿ ಕುತ್ತಿಗೆಯ ತನಕ ಮುಳುಗಿ, ಕಾಲು ಬಿಟ್ಟು ನಾಲ್ಕು ಕೈ ಈಜಿದೆ. ದೇವರ ಎದುರು ಅಷ್ಟು ಸಲಿಗೆ ಸಾಕೆಂದು ನಿಲ್ಲಿಸಿದೆ. ಬಿ.ಎ. ತರಗತಿಯಲ್ಲಿ ನಮಗೆ ಇಂಗ್ಲಿಷ್ ಕವಿ ಬೈರನ್ 1810ರಲ್ಲಿ ಹೆಲೆಸ್ಪಾಂಟ್ ಜಲಸಂಧಿಯನ್ನು ಈಜಿ ದಾಟಿದ ಕಥೆ ಹೇಳಿದ್ದರು. ಕವನ ಬರೆದದ್ದಕ್ಕಿಂತ ಅದರ ಬಗ್ಗೆಯೇ ಅವನಿಗೆ ಹೆಮ್ಮೆಯಂತೆ. ನನ್ನ ನಾಲ್ಕು ಕೈ ಈಜಿನ ಹೆಮ್ಮೆಯೂ ಬೈರನ್ನನಿಗಿಂತ ಕಡಿಮೆಯದಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ಹೊರಗೆ ಬಂದು ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂತಾಗಿನ ಸುಖವನ್ನು ಮಾತಿನಲ್ಲಿ ಹೇಳಲಾರೆ. ಅರ್ಧ ಗಂಟೆಯ ಹಿಂದೆ ಶಾಪ ಹಾಕಿದ ಬಿಸಿಲು ಅದೇ. ವೈನಿ ದುಪಟ್ಟಾ ಹಿಂಡಲು ಎದ್ದರು. ಬಂಡೆಯ ಮೇಲೆ ಹಿಂಡಲಿಲ್ಲ, ನಾಲ್ಕು ಹೆಜ್ಜೆ ಹೋಗಿ ಒಂದು ಕವಳಿ ಗಿಡದ ಬುಡಕ್ಕೆ ಹಿಂಡಿದರು.

ಇಷ್ಟು ಬಿಸಿಲಿನಲ್ಲಿ ಆ ನೀರು ಇಷ್ಟು ತಣ್ಣಗೆ ಹೇಗೆ? ಬೇಸಿಗೆಯಲ್ಲಿ ಬರ್ಫದಂತೆ, ಚಳಿಗಾಲದಲ್ಲಿ ಉಗುರುಬೆಚ್ಚಗೆ ಇರುತ್ತದೆ, ಅದೇ ಮಹಿಮೆ ಎಂದು ಜೋಪಡಿಯಾಕೆ ಹೇಳಿದಳು. ಸುಳ್ಳಲ್ಲ. ನೆಲದೊಳಗೆ ಕೆಲವು ಮೀಟರ್ ಹೋದರೆ ಬಂಡೆಗೆ ಬೇಸಿಗೆ ಚಳಿಗಾಲ ತಿಳಿಯುವುದಿಲ್ಲ, ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ಅದು ನಿಂತಿರುತ್ತದೆ. ಆ ಬಂಡೆಯಿಂದ ಒಸರುವ, ಸೂರ್ಯನನ್ನೇ ಕಾಣದ ನೀರೂ ಹಾಗೆಯೇ. ಬದಲಾಗುವುದು ಹೊರಗಿನ ಹವೆ ಮತ್ತು ನಮ್ಮ ಮೈ. ಅದೂ ಅಲ್ಲದೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಇದನ್ನು ನಾನು ಆಕೆಗೆ ಮರಾಠಿಯಲ್ಲಿ ವಿವರಿಸಿದೆ. ಆಕೆ ಪೂರ್ತಿ ಕೇಳಿ, ‘ಹೌದು ಮಾವಶಿ, ಅದೇ ಮಹಿಮೆ’ ಎಂದಳು.

ಜೋಪಡಿಯಲ್ಲಿ ನಮ್ಮ ಬುತ್ತಿ ಬಿಚ್ಚಿದೆವು. ಆಕೆ ಪಿಠಲೆ, ಅಕ್ಕಿಯ ಭಾಕರಿ ಕೊಟ್ಟಳು, ನಾವು ಖಡಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆವು. ಮಾತಿಗೆ ಮಾತು ಬೆಳೆದು, ಪುಣೆಯಲ್ಲಿ ನಳಕ್ಕೆ ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದಳು. ಇಡೀ ದಿನ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ವೈನಿ ಹೇಳಿದರು, ‘ನಾನು ಹೋಗುವ ಊರಿನಲ್ಲಿ ಟ್ಯಾಂಕರ್ ಬರುತ್ತದೆ, ದುಡ್ಡು ಕೊಟ್ಟು ಕೊಳ್ಳಬೇಕು.’ ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಮಗಳ ಮನೆಯಲ್ಲಿ ಪಾತ್ರೆ ತೊಳೆಯಲೂ ಲೆಕ್ಕ ಹಾಕುವಂತಾಗಿತ್ತು. ಜೋಪಡಿಯಾಕೆಗೆ ನಂಬಿಕೆ ಬರಲಿಲ್ಲ. ದೊಡ್ಡ ಕಟ್ಟಡದವರಿಗೂ ನೀರಿಲ್ಲವೆ ಎಂದು ಎರಡು ಸಲ ಕೇಳಿದಳು.

ಊಟದ ಮೇಲೆ ಕೊಂಕಣಕಡಾ ನೋಡಿಬಂದೆವು. ಗುಡಿಯಿಂದ ಅರ್ಧ ಮುಕ್ಕಾಲು ಗಂಟೆ. ನೆಲ ಒಮ್ಮೆಲೇ ಮುಗಿದು ಕೆಳಗೆ ಕೊಂಕಣ ಬಿದ್ದಿರುತ್ತದೆ. ಕಡಿದಾದ ಬಂಡೆ ಒಳಕ್ಕೆ ಬಾಗಿರುವುದರಿಂದ ಕೆಳಗಿನ ಗಾಳಿ ಎದ್ದು ಮುಖಕ್ಕೆ ಬಡಿಯುತ್ತದೆ. ಮಳೆಗಾಲದ ಮೋಡದಲ್ಲಿ ಇಲ್ಲಿ ಪೂರ್ತಿ ವೃತ್ತಾಕಾರದ ಕಾಮನಬಿಲ್ಲು ಕಾಣುವುದುಂಟು. ಮೊದಲು ವರದಿ ಮಾಡಿದವನು ಕರ್ನಲ್ ಸೈಕ್ಸ್, 1835ರಲ್ಲಿ ಎಂದು ಹೇಳುತ್ತಾರೆ. ನಮಗೆ ಕಂಡದ್ದು ಮಬ್ಬು ಮಾತ್ರ. ಅಂಚಿನಿಂದ ದೂರ, ಹೊಟ್ಟೆಯ ಮೇಲೆ ಮಲಗಿ ಇಣುಕಿದೆವು. ಗಡದ ಎತ್ತರ ಸುಮಾರು 1,424 ಮೀಟರ್.

ನಾಲ್ಕು ಗಂಟೆಗೆ ಇಳಿಯಲು ಶುರುಮಾಡಿದೆವು. ಜೋಪಡಿಯಾಕೆಯೂ ಬುಟ್ಟಿ ಕಟ್ಟಿದಳು. ಇಳಿಯುವಾಗಲಾದರೂ ಬುಟ್ಟಿ ಹಗುರಾಗಿರಬೇಕಲ್ಲ ಎಂದು ನೋಡಿದರೆ, ಅದರಲ್ಲಿ ತೊಟ್ಟಿಯ ನೀರು ತುಂಬಿದ ನಾಲ್ಕು ದೊಡ್ಡ ಬಾಟಲಿಗಳು. ಕಾಯಿಲೆಯ ಅತ್ತೆಗೆ ಕುಡಿಯಲಂತೆ. ವೈನಿ ಏನೂ ಹೇಳದೆ ಅದರಲ್ಲಿ ಒಂದು ಬಾಟಲಿ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು, ನನಗೊಂದು ಕೊಟ್ಟರು. ಊರು ಮುಟ್ಟುವ ತನಕ ನಾವು ಹೊತ್ತೆವು. ಎರಡು ಲೀಟರಿನ ಬಾಟಲಿ, ಮಂಡಿನೋವಿನ ಇಳಿಜಾರಿನಲ್ಲಿ ಅದರ ತೂಕ ಎಷ್ಟೆಂದು ಹೊತ್ತವರಿಗೇ ಗೊತ್ತು. ಮನೆ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ. ಬೆರಳಿನ ಶಾಯಿ ಮಾತ್ರ ಆ ನೀರಿಗೂ ಹೋಗಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ ಕೆಲವು ಮಾತು. ಕಾರ್ತಿಕದಿಂದ ಮೇ ಮಧ್ಯದ ತನಕ ಹೋಗಿ, ಬೇಸಿಗೆಯಲ್ಲಾದರೆ ಎಂಟರೊಳಗೆ ಹತ್ತಲು ಶುರುಮಾಡಿ. ಬಿಸಿಲಿನಲ್ಲಿ ಬೆವರುತ್ತ ಬಂದವರು ಅರ್ಧ ಗಂಟೆ ನೆರಳಲ್ಲಿ ಕೂತು, ಆಮೇಲೆ ನಿಧಾನವಾಗಿ ನೀರಿಗೆ ಇಳಿಯಿರಿ. ಹೃದಯದ ತೊಂದರೆ ಇದ್ದವರು ದಂಡೆಯಲ್ಲೇ ಕೈ ಮುಗಿದರೆ ಸಾಕು. ಮಳೆ ಶುರುವಾದ ಮೇಲೆ ಗುಹೆಯ ಆಸೆ ಬಿಡಿ. 2024ರ ಜೂನ್ 30ರಂದು ಲೋಣಾವಳೆಯ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಪುಣೆಯ ಒಂದೇ ಮನೆತನದ ಐವರು ಕೊಚ್ಚಿಹೋದರು, ಅವರಲ್ಲಿ ನಾಲ್ವರು ಮಕ್ಕಳು. ಅವರು ನಿಂತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಪಾದ ಮುಳುಗುವಷ್ಟೇ ನೀರಿತ್ತು. ಬೆಟ್ಟದ ಹಳ್ಳ ಹಾಗೆಯೇ ಬರುತ್ತದೆ.

ಗುಹೆಯ ನೀರಿಗೆ ಸಾಬೂನು, ಶಾಂಪೂ, ತಲೆಗೆ ಹಚ್ಚಿದ ಎಣ್ಣೆ ಯಾವುದೂ ಬೇಡ. ಬೇಸಿಗೆಯಲ್ಲಿ ಅಲ್ಲಿಗೆ ನೀರು ಬರುವುದು ಹನಿಹನಿಯಾಗಿ, ನೀವು ಬಿಟ್ಟದ್ದು ಮುಂದಿನ ಮಳೆಯ ತನಕ ಅಲ್ಲೇ ಇರುತ್ತದೆ. ಕುಡಿಯುವ ತೊಟ್ಟಿ ಯಾವುದೆಂದು ಜೋಪಡಿಯವರನ್ನು ಕೇಳಿಯೇ ಮುಟ್ಟಿ. ಪಿಠಲೆ ಭಾಕರಿ ಬೇಕಾದರೆ ಹತ್ತುವಾಗಲೇ ಹೇಳಿಡಿ, ಕೆಳಗಿನಿಂದ ಹಿಟ್ಟು ತಲೆಯ ಮೇಲೆ ಹೊತ್ತು ತರಬೇಕು. ಮೇಲೆ ಮೊಬೈಲ್ ಎಲ್ಲ ಕಡೆ ಹತ್ತುವುದಿಲ್ಲ, ಹತ್ತು ಇಪ್ಪತ್ತರ ನೋಟುಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳಿ.